ಯಂತ್ರದ ಸ್ಮೃತಿಗೆ ಮಿತವ್ಯಯ ಕಲಿಸಿದ ಟಾಮ್ ಕಿಲ್‌ಬರ್ನ್

ಬಾಗಲಕೋಟೆಯ ವಿದ್ಯಾಗಿರಿ ಹೆಸರಿಗೆ ತಕ್ಕ ಬಡಾವಣೆ. ೧೯೦೬ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ವಿದ್ಯಾಲಯಗಳು ಇಲ್ಲಿ ನೆಲೆಗೊಂಡಿವೆ. ೧೯೬೩ರಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜು ಅವುಗಳಲ್ಲೊಂದು. ಇಂಥ ಕಾಲೇಜುಗಳಲ್ಲಿ ಗಣಕವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಒಂದು ಅಧ್ಯಾಯವನ್ನು ದಾಟಿಯೇ ಮುಂದೆ ಹೋಗಬೇಕು. ಗಣಕಯಂತ್ರದ ಸ್ಮೃತಿ ತುಂಬಿಹೋದಾಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಹೊರಗಿಡಬೇಕು ಎಂಬುದೇ ಆ ಅಧ್ಯಾಯದ ವಿಷಯ. ಅದರ ಸೂತ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದುಬರುವ ತರುಣ ತರುಣಿಯರಲ್ಲಿ ಎಷ್ಟು ಮಂದಿ ಅದರ ಹಿಂದಿನ ಮನುಷ್ಯನನ್ನು ಬಲ್ಲರೋ ಹೇಳುವುದು ಕಷ್ಟ. ಆ ಪ್ರಶ್ನೆಗೆ ಮೊತ್ತಮೊದಲು ಯಂತ್ರರೂಪದ ಉತ್ತರವನ್ನು ಕೊಟ್ಟ ತಂಡದ ಮುಂದಾಳು ಇಂಗ್ಲೆಂಡಿನ ಟಾಮ್ ಕಿಲ್‌ಬರ್ನ್. ಅವರ ಬಾಳಿನ ಕಥೆ ಒಂದರ್ಥದಲ್ಲಿ ಸ್ಮೃತಿಯ ಕಥೆಯೇ ಆಗಿದೆ. ಮೊದಲು ಅವರು ಯಂತ್ರಕ್ಕೆ ನೆನಪಿಟ್ಟುಕೊಳ್ಳುವುದನ್ನು ಕಲಿಸಿದರು. ಆಮೇಲೆ ಬಿಟ್ಟುಕೊಡುವುದನ್ನು ಕಲಿಸಿದರು. ಎರಡನೆಯದು ಮೊದಲಿನದಕ್ಕಿಂತ ಕಠಿನವಾದ ಪಾಠ.

ಕಿಲ್‌ಬರ್ನ್ ಅವರು ಜನಿಸಿದುದು ೧೯೨೧ರ ಆಗಸ್ಟ್ ೧೧ರಂದು, ಯಾರ್ಕ್‌ಶೈರ್ ಪ್ರಾಂತದ ಡ್ಯೂಸ್‌ಬರಿ ಎಂಬ ಊರಿನಲ್ಲಿ. ಇಳಕಲ್ಲಿನ ಹೆಸರೆತ್ತಿದರೆ ಸೀರೆ ನೆನಪಾಗುವಂತೆ, ಡ್ಯೂಸ್‌ಬರಿಯ ಹೆಸರಿನೊಂದಿಗೆ ಉಣ್ಣೆ ಸೇರಿಕೊಂಡಿತ್ತು. ಅದೂ ಹೊಸ ಉಣ್ಣೆ ಮಾತ್ರವಲ್ಲ. ತೊಟ್ಟು ಹಳತಾದ ಬಟ್ಟೆಗಳನ್ನು ಎಳೆಯೆಳೆಯಾಗಿ ಬಿಡಿಸಿ, ಮತ್ತೆ ನೂಲು ಮಾಡಿ, ಹೊಸ ಬಟ್ಟೆ ನೇಯುವ ಕಸುಬಿಗೆ ಆ ಸೀಮೆ ಪ್ರಸಿದ್ಧವಾಗಿತ್ತು. ಬಳಸಿಬಿಟ್ಟುದನ್ನು ಮರಳಿ ಬಳಕೆಗೆ ತರುವ ಈ ಕಸುಬಿಗೂ ಮುಂದೆ ಅವರು ಕೈಗೊಂಡ ಕೆಲಸಕ್ಕೂ ನೇರ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಹೋಲಿಕೆ ಮಾತ್ರ ಮನಸ್ಸಿಗೆ ಹಿಡಿಸುವಂಥದು. ಊರಿನ ಶಾಲೆಯಲ್ಲಿ ಬಾಲಕನ ಒಲವೆಲ್ಲ ಗಣಿತದ ಕಡೆಗೇ ಇತ್ತು. ೧೯೪೦ರಲ್ಲಿ ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜನ್ನು ಸೇರಿ, ಯುದ್ಧಕಾಲದ ಸಂಕ್ಷಿಪ್ತ ವ್ಯಾಸಂಗವನ್ನು ೧೯೪೨ರಲ್ಲಿ ಮುಗಿಸಿದರು.

ಮಹಾಯುದ್ಧ ಆಗ ನಡುಗಾಲಕ್ಕೆ ಬಂದಿತ್ತು. ಗಣಿತ ಬಲ್ಲ ತರುಣರನ್ನು ಸರಕಾರ ತನ್ನ ಕೆಲಸಕ್ಕೆ ಸೆಳೆದುಕೊಳ್ಳುತ್ತಿತ್ತು. ವಿದ್ಯುತ್ತಿನ ವಿಚಾರದಲ್ಲಿ ಅವಸರದ ಶಿಕ್ಷಣವೊಂದನ್ನು ಪಡೆದು ಕಿಲ್‌ಬರ್ನ್ ಅವರು ಮಾಲ್ವರ್ನ್ ಎಂಬಲ್ಲಿದ್ದ ರೇಡಾರ್ ಸಂಶೋಧನ ಕೇಂದ್ರಕ್ಕೆ ಬಂದರು. ಅಲ್ಲಿ ಅವರಿಗೆ ಮೇಲಧಿಕಾರಿಯಾಗಿ ದೊರೆತವರು ಫ್ರೆಡರಿಕ್ ವಿಲಿಯಮ್ಸ್, ವಿದ್ಯುನ್ಮಂಡಲಗಳ ರಚನೆಯಲ್ಲಿ ಅಸಾಧಾರಣ ನಿಪುಣರು. ಅನುಭವವಿಲ್ಲದ ಈ ಮಿತಭಾಷಿ ತರುಣ ಕೆಲವೇ ಕಾಲದಲ್ಲಿ ವಿಲಿಯಮ್ಸರ ಬಲಗೈಯಾದರು. ೧೯೪೩ರಲ್ಲಿ ಐರೀನ್ ಮಾರ್ಸ್‌ಡನ್ ಅವರೊಡನೆ ವಿವಾಹವಾಯಿತು. ಯುದ್ಧ ಮುಗಿದ ಮೇಲೆ, ೧೯೪೬ರ ಕೊನೆಯಲ್ಲಿ, ವಿಲಿಯಮ್ಸರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಹೋದಾಗ ಕಿಲ್‌ಬರ್ನ್ ಅವರೂ ಜೊತೆಯಲ್ಲಿ ಹೋದರು.

ಆ ವರ್ಷಗಳಲ್ಲಿ ಗಣಕಯಂತ್ರವನ್ನು ಕಟ್ಟಬೇಕೆಂದವರೆಲ್ಲರೂ ಒಂದೇ ಕಡೆ ಮುಗ್ಗರಿಸುತ್ತಿದ್ದರು. ಎಣಿಕೆ ಮಾಡುವ ಮಂಡಲಗಳು ಸಿದ್ಧವಾಗಿದ್ದವು. ಎಣಿಕೆಯ ಫಲವನ್ನೂ ಮಾಡಬೇಕಾದ ಕೆಲಸದ ಕ್ರಮವನ್ನೂ ಇಟ್ಟುಕೊಳ್ಳಲು ವೇಗವಾದ ಸ್ಮೃತಿ ಇರಲಿಲ್ಲ. ವಿಲಿಯಮ್ಸ್ ಮತ್ತು ಕಿಲ್‌ಬರ್ನ್ ಇದಕ್ಕೆ ಆರಿಸಿಕೊಂಡ ಸಾಧನ ರೇಡಾರಿನಲ್ಲಿ ಬಳಸುತ್ತಿದ್ದ ಗಾಜಿನ ಕೊಳವೆ, ಹಳೆಯ ಟೆಲಿವಿಷನ್ನುಗಳಲ್ಲಿ ಚಿತ್ರ ಮೂಡಿಸುತ್ತಿದ್ದಂಥದೇ. ಅದರ ತೆರೆಯ ಮೇಲೆ ಇಲೆಕ್ಟ್ರಾನುಗಳ ಕಿರಣ ಬಿದ್ದಲ್ಲಿ ಒಂದು ಚುಕ್ಕೆಯಷ್ಟು ವಿದ್ಯುದಂಶ ನಿಲ್ಲುತ್ತದೆ. ಚುಕ್ಕೆಯ ಒಂದು ರೂಪಕ್ಕೆ ಸೊನ್ನೆ ಎಂದೂ ಇನ್ನೊಂದಕ್ಕೆ ಒಂದು ಎಂದೂ ಹೆಸರಿಟ್ಟರೆ ಸಂಖ್ಯೆಗಳನ್ನು ಬರೆದಿಡಬಹುದು. ಆದರೆ ಆ ಅಂಶ ಕ್ಷಣದೊಳಗೆ ಸೋರಿಹೋಗುತ್ತಿತ್ತು. ಆದುದರಿಂದ ಅದು ಅಳಿಯುವ ಮೊದಲೇ ಓದಿ, ಓದಿದುದನ್ನೇ ಮರಳಿ ಬರೆಯುತ್ತಿರಬೇಕು. ನೆನಪು ಉಳಿಯಬೇಕಾದರೆ ಅದನ್ನು ಮತ್ತೆ ಮತ್ತೆ ನೆನೆಯುತ್ತಿರಬೇಕೆಂಬುದು ಮನುಷ್ಯರ ಅನುಭವ. ಗಾಜಿನ ಕೊಳವೆಗೂ ಅದೇ ನಿಯಮ ಅನ್ವಯಿಸಿತು. ವಿಲಿಯಮ್ಸರು ಮೊದಲು ಉಳಿಸಿ ತೋರಿಸಿದುದು ಒಂದೇ ಒಂದು ಬಿಟ್. ೧೯೪೭ರ ಕೊನೆಯ ಹೊತ್ತಿಗೆ ಕಿಲ್‌ಬರ್ನ್ ಅವರು ಒಂದು ಕೊಳವೆಯಲ್ಲಿ ೨,೦೪೮ ಬಿಟ್‌ಗಳನ್ನು ಉಳಿಸಿದರು.

ಈ ಸ್ಮೃತಿ ನಿಜವಾಗಿಯೂ ಯಂತ್ರದ ವೇಗಕ್ಕೆ ತಾಳುವುದೇ ಎಂದು ಪರೀಕ್ಷಿಸುವುದಕ್ಕಾಗಿ ಅವರು ಜೆಫ್ ಟೂಟಿಲ್ ಅವರೊಡನೆ ಒಂದು ಸಣ್ಣ ಯಂತ್ರವನ್ನು ಕಟ್ಟಿದರು. ಅದಕ್ಕೆ ಮುಂದೆ 'ಬೇಬಿ', ಎಂದರೆ ಹಸುಗೂಸು, ಎಂಬ ಹೆಸರು ನಿಂತಿತು. ಅದರ ಮುಖ್ಯ ಸ್ಮೃತಿ ೩೨ ಸಾಲು, ಸಾಲಿಗೆ ೩೨ ಬಿಟ್, ಒಟ್ಟು ೧,೦೨೪. ೧೯೪೮ರ ಜೂನ್ ೨೧ರಂದು ಕಿಲ್‌ಬರ್ನ್ ಅವರು ಬರೆದ ೧೭ ಆಜ್ಞೆಗಳ ಕಾರ್ಯಕ್ರಮವೊಂದು ಆ ಯಂತ್ರದಲ್ಲಿ ನಡೆಯಿತು. ೨,೬೨,೧೪೪ ಎಂಬ ಸಂಖ್ಯೆಗೆ, ಆ ಸಂಖ್ಯೆಯನ್ನೇ ಬಿಟ್ಟು, ಅತಿ ದೊಡ್ಡ ಅಪವರ್ತನವನ್ನು ಕಂಡುಹಿಡಿಯುವುದು ಅದಕ್ಕೆ ಒಪ್ಪಿಸಿದ ಕೆಲಸ. ೫೨ ನಿಮಿಷಗಳ ಕಾಲ ದುಡಿದು, ಸುಮಾರು ೩೫ ಲಕ್ಷ ಕ್ರಿಯೆಗಳನ್ನು ನಡೆಸಿ, ಯಂತ್ರವು ೧,೩೧,೦೭೨ ಎಂದು ಸರಿಯಾದ ಉತ್ತರವನ್ನೇ ತೋರಿಸಿತು. ಶಾಲೆಯ ಹುಡುಗನೂ ಕ್ಷಣದಲ್ಲಿ ಹೇಳಬಲ್ಲ ಉತ್ತರವಿದು. ಆದರೆ ತನ್ನ ಇಲೆಕ್ಟ್ರಾನಿಕ್ ಸ್ಮೃತಿಯಲ್ಲಿಯೇ ಕಾರ್ಯಕ್ರಮವನ್ನು ಇಟ್ಟುಕೊಂಡು ಯಂತ್ರವೊಂದು ಕೆಲಸ ಮಾಡಿದುದು ಜಗತ್ತಿನಲ್ಲಿ ಅದೇ ಮೊದಲು.

ಹಸುಗೂಸು ಬೇಗನೆ ಬೆಳೆಯಿತು. ಅದರ ಮುಂದಿನ ರೂಪವನ್ನು ಮ್ಯಾಂಚೆಸ್ಟರಿನ ಫೆರಾಂಟಿ ಕಂಪನಿ ತಯಾರಿಸಿ ೧೯೫೧ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು. ವಿಲಿಯಮ್ಸರು ತಮ್ಮ ಹಳೆಯ ವಿಷಯವಾದ ವಿದ್ಯುದ್ಯಂತ್ರಗಳಿಗೆ ಹಿಂದಿರುಗಿದರು. ಗಣಕದ ಹೊಣೆ ಕಿಲ್‌ಬರ್ನ್ ಅವರ ಹೆಗಲಿಗೆ ಬಂತು. ಹೊಣೆಯೊಂದಿಗೆ ಒಂದು ಹಳೆಯ ತೊಡಕೂ ಬಂತು. ಕೊಳವೆಯ ಸ್ಮೃತಿ ವೇಗವಾದುದು, ಆದರೆ ದುಬಾರಿ, ಆದುದರಿಂದ ಚಿಕ್ಕದು. ಅದರ ಪಕ್ಕದಲ್ಲಿ ಒಂದು ಕಾಂತೀಯ ಉರುಳೆ ತಿರುಗುತ್ತಿತ್ತು. ಅದರಲ್ಲಿ ಬೇಕಾದಷ್ಟು ಸಂಖ್ಯೆಗಳನ್ನು ಇಡಬಹುದು, ಆದರೆ ತೆಗೆಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ವರ್ಷದ ಜೋಳವೆಲ್ಲ ನೆಲದೊಳಗಿನ ಹಗೇವಿನಲ್ಲಿರುತ್ತದೆ. ಅಡಿಗೆಯ ಮನೆಯ ಗಡಿಗೆಯಲ್ಲಿ ನಾಲ್ಕು ದಿನಕ್ಕಾಗುವಷ್ಟು. ಗಡಿಗೆಗೆ ಕೈ ಹಾಕುವುದು ಕ್ಷಣದ ಕೆಲಸ. ಹಗೇವು ತೆಗೆಯುವುದಕ್ಕೆ ಆಳು ಬೇಕು, ಹೊತ್ತು ಬೇಕು. ಯಾವಾಗ ಎಷ್ಟು ಜೋಳವನ್ನು ಮೇಲೆ ತರಬೇಕೆಂಬ ಲೆಕ್ಕವನ್ನು ಮನೆಯ ಹಿರಿಯಳು ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾಳೆ.

ಮ್ಯಾಂಚೆಸ್ಟರಿನಲ್ಲಿ ಈ ಲೆಕ್ಕದ ಭಾರ ಕಾರ್ಯಕ್ರಮ ಬರೆಯುವವರ ಮೇಲೆ ಬಿದ್ದಿತ್ತು. ಒಂದು ಕೊಳವೆಯಲ್ಲಿ ಹಿಡಿಸುವಷ್ಟಕ್ಕೆ ಅವರು 'ಪುಟ' ಎಂದು ಹೆಸರಿಟ್ಟಿದ್ದರು. ಯಾವ ಪುಟವನ್ನು ಯಾವಾಗ ಉರುಳೆಯಿಂದ ತರಬೇಕು, ಅದಕ್ಕಾಗಿ ಯಾವುದನ್ನು ಉರುಳೆಗೆ ಕಳಿಸಬೇಕು ಎಂಬುದನ್ನು ಕಾರ್ಯಕ್ರಮದ ಪ್ರತಿಯೊಂದು ಘಟ್ಟದಲ್ಲಿಯೂ ಬರೆಯುವವರೇ ಯೋಚಿಸಿ ಹೇಳಬೇಕಾಗಿತ್ತು. ಖಗೋಲದ ಅಥವಾ ರಸಾಯನದ ಲೆಕ್ಕವನ್ನು ಮಾಡಲು ಬಂದ ವಿದ್ವಾಂಸರ ಹೊತ್ತೆಲ್ಲ ಸಾಮಾನು ಸಾಗಿಸುವುದರಲ್ಲೇ ಕಳೆಯುತ್ತಿತ್ತು. ೧೯೫೪ರಲ್ಲಿ ಟೋನಿ ಬ್ರೂಕರ್ ಅವರು ರಚಿಸಿದ ಸರಳ ಭಾಷೆಯೊಂದು ಈ ಸಾಗಾಟವನ್ನು ಬಳಕೆದಾರರ ಕಣ್ಣಿಂದ ಮರೆಮಾಡಿತು. ಜನ ಅದನ್ನು ಒಲವಿನಿಂದ ಸ್ವೀಕರಿಸಿದರು. ಸ್ಮೃತಿಯ ಗೃಹಕೃತ್ಯವನ್ನು ಯಂತ್ರವೇ ನೋಡಿಕೊಳ್ಳಬೇಕೆಂಬ ಬಯಕೆ ಎಷ್ಟು ಸಹಜವಾದುದೆಂಬುದು ಇದರಿಂದ ಸ್ಪಷ್ಟವಾಯಿತು.

೧೯೫೬ರಲ್ಲಿ ಕಿಲ್‌ಬರ್ನ್ ಅವರು ತಮ್ಮ ಅತ್ಯಂತ ಸಾಹಸದ ಯೋಜನೆಗೆ ಕೈಹಾಕಿದರು. ಸೆಕೆಂಡಿಗೆ ಹತ್ತು ಲಕ್ಷ ಆಜ್ಞೆಗಳ ವೇಗವನ್ನು ಸಮೀಪಿಸುವ ಯಂತ್ರವನ್ನು ಕಟ್ಟುವುದು ಅವರ ಗುರಿ. ೧೯೫೯ರಲ್ಲಿ ಫೆರಾಂಟಿ ಕಂಪನಿ ಜೊತೆಗೂಡಿತು; ಯಂತ್ರಕ್ಕೆ ಅಟ್ಲಾಸ್ ಎಂದು ಹೆಸರಾಯಿತು. ಈ ವೇಗದಲ್ಲಿ ಹಳೆಯ ತೊಡಕು ಇನ್ನಷ್ಟು ಉಲ್ಬಣಿಸಿತು. ಅಟ್ಲಾಸಿನ ವೇಗದ ಸ್ಮೃತಿಯಲ್ಲಿ ೧೬,೩೮೪ ಪದಗಳಿಗೆ ಮಾತ್ರ ಎಡೆ. ಉರುಳೆಗಳಲ್ಲಿ ೯೮,೩೦೪ ಪದಗಳಿಗೆ. ಮೊದಲಿನದರಲ್ಲಿ ಒಂದು ಪದವನ್ನು ಮುಟ್ಟಲು ಸೆಕೆಂಡಿನ ಹತ್ತು ಲಕ್ಷದ ಎರಡು ಭಾಗ ಸಾಕು. ಉರುಳೆ ಒಂದು ಸುತ್ತು ಬರುವುದಕ್ಕೆ ಸೆಕೆಂಡಿನ ಸಾವಿರದ ಹನ್ನೆರಡು ಭಾಗ ಬೇಕು. ಗಡಿಗೆಗೂ ಹಗೇವಿಗೂ ನಡುವಣ ಅಂತರ ಸಾವಿರಾರು ಪಟ್ಟು. ಹೀಗಿರುವಲ್ಲಿ ತಪ್ಪು ಪುಟವನ್ನು ಹೊರಗೆ ಕಳಿಸಿದರೆ ಆಗುವ ನಷ್ಟವೂ ಸಾವಿರಾರು ಪಟ್ಟು.

ಕಿಲ್‌ಬರ್ನ್ ಮತ್ತು ಅವರ ಸಂಗಡಿಗರು ಇದಕ್ಕೆ ಕಂಡುಕೊಂಡ ಪರಿಹಾರವನ್ನು ೧೯೬೨ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟಿಸಿದರು. 'ಏಕಸ್ತರದ ಸಂಗ್ರಹ' ಎಂಬುದು ಅವರಿಟ್ಟ ಹೆಸರಿನ ಅರ್ಥ. ಕಾರ್ಯಕ್ರಮ ಬರೆಯುವವನಿಗೆ ಕಾಣುವುದು ಒಂದೇ ವಿಶಾಲವಾದ ಸ್ಮೃತಿ. ಅದರ ಕೆಳಗೆ ಎಲ್ಲವೂ ೫೧೨ ಪದಗಳ ಪುಟಗಳಾಗಿ ವಿಂಗಡಿತವಾಗಿರುತ್ತದೆ. ವೇಗದ ಸ್ಮೃತಿಯಲ್ಲಿ ೩೨ ಪುಟಗಳ ಸ್ಥಾನ. ಪ್ರತಿಯೊಂದು ಸ್ಥಾನಕ್ಕೂ ಅದರಲ್ಲಿ ಸದ್ಯ ಯಾವ ಪುಟವಿದೆಯೆಂದು ತಿಳಿಸುವ ಒಂದು ಫಲಕ. ಒಂದು ಪುಟ ಬೇಕಾದೊಡನೆ ಯಂತ್ರವು ೩೨ ಫಲಕಗಳನ್ನೂ ಏಕಕಾಲದಲ್ಲಿ ನೋಡುತ್ತದೆ. ಪುಟ ಅಲ್ಲಿದ್ದರೆ ಕೆಲಸ ನಿಲ್ಲದೆ ಸಾಗುತ್ತದೆ. ಇಲ್ಲದಿದ್ದರೆ ಕಾರ್ಯಕ್ರಮವನ್ನು ತಡೆದು, 'ಮೇಲ್ವಿಚಾರಕ' ಎಂಬ ಒಡೆಯ ಕಾರ್ಯಕ್ರಮವು ಪುಟವನ್ನು ಉರುಳೆಯಿಂದ ತರಿಸುತ್ತದೆ. ಪುಟ ಎಲ್ಲಿಗೆ ಹೋದರೂ ಅದರ ವಿಳಾಸ ಮಾತ್ರ ಬದಲಾಗದು. ತನ್ನ ಪುಟ ಹೊರಗೆ ಹೋಗಿತ್ತು, ಮರಳಿ ಬೇರೊಂದು ಸ್ಥಾನಕ್ಕೆ ಬಂದಿದೆ ಎಂಬುದು ಕಾರ್ಯಕ್ರಮಕ್ಕೆ ಗೊತ್ತೇ ಆಗುವುದಿಲ್ಲ.

ಆದರೆ ಹೊರಗೆ ಕಳಿಸಬೇಕಾದ ಪುಟ ಯಾವುದು? ಇದನ್ನು ನಿರ್ಣಯಿಸುವುದಕ್ಕೆ ಅಟ್ಲಾಸಿನಲ್ಲಿ ಒಂದು 'ಕಲಿಯುವ ಕಾರ್ಯಕ್ರಮ'ವಿತ್ತು. ಅದು ನಿಯಮಿತ ಅವಧಿಗೊಮ್ಮೆ ಪ್ರತಿಯೊಂದು ಪುಟವೂ ಬಳಕೆಯಾಗಿದೆಯೋ ಇಲ್ಲವೋ ಎಂದು ನೋಡಿ ಎರಡು ಲೆಕ್ಕಗಳನ್ನು ಬರೆದಿಡುತ್ತಿತ್ತು. ಕೊನೆಯ ಬಾರಿ ಬಳಕೆಯಾಗಿ ಎಷ್ಟು ಹೊತ್ತಾಯಿತು ಎಂಬುದೊಂದು. ಹಿಂದಿನ ಸಲ ಅದು ಎಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಬಳಕೆಗೆ ಬಂದಿತ್ತು ಎಂಬುದು ಇನ್ನೊಂದು. ವಾರದ ಸಂತೆಯಲ್ಲಿ ಕಟ್ಟೆಗಳನ್ನು ಹಂಚುವವನ ವಿವೇಕ ಇಂಥದೇ. ಪ್ರತಿ ವಾರ ಬರುತ್ತಿದ್ದ ವ್ಯಾಪಾರಿ ಮೂರು ಸಂತೆ ಕಳೆದರೂ ಕಾಣಿಸದಿದ್ದರೆ, ಇನ್ನು ಬರಲಾರನೆಂದು ತಿಳಿದು ಅವನ ಜಾಗವನ್ನು ಬೇರೊಬ್ಬನಿಗೆ ಕೊಡುತ್ತಾನೆ. ಎಲ್ಲರೂ ವಾಡಿಕೆಯಂತೆ ಬರುವವರೇ ಆಗಿದ್ದರೆ, ಯಾರು ಬರುವುದಕ್ಕೆ ಇನ್ನೂ ಹೆಚ್ಚು ದಿನಗಳಿವೆಯೋ ಅವರ ಜಾಗವನ್ನು ಆ ತನಕ ಬಳಸುತ್ತಾನೆ. ಕಿಲ್‌ಬರ್ನ್ ಅವರ ತಂಡದ ಸೂತ್ರ ಈ ಎರಡು ವಿವೇಕಗಳನ್ನೇ ಯಂತ್ರಕ್ಕೆ ಹೇಳಿಕೊಟ್ಟಿತು.

ಇನ್ನೊಂದು ಏರ್ಪಾಡು ನೋಡುವುದಕ್ಕೆ ಅತಿ ಸಣ್ಣದು, ಆದರೆ ದೂರದೃಷ್ಟಿಯಿಂದ ಕೂಡಿದುದು. ೩೨ ಸ್ಥಾನಗಳಲ್ಲಿ ಒಂದು ಯಾವಾಗಲೂ ಬರಿದಾಗಿರುವಂತೆ ನೋಡಿಕೊಳ್ಳುತ್ತಿದ್ದರು. ಹೊಸ ಪುಟ ಬಂದು ಬಾಗಿಲಲ್ಲಿ ನಿಂತ ಮೇಲೆ ಹಳೆಯದನ್ನು ಎಬ್ಬಿಸುವುದಲ್ಲ. ಬರುವುದು ಬಂದೊಡನೆ ಬರಿದಾದ ಜಾಗದಲ್ಲಿ ಕೂರಬೇಕು, ಆಮೇಲೆ ಮುಂದಿನ ಅತಿಥಿಗಾಗಿ ಇನ್ನೊಂದು ಜಾಗವನ್ನು ತೆರವು ಮಾಡಬೇಕು. ಅಷ್ಟೊಂದು ದುಬಾರಿಯಾದ ಸ್ಮೃತಿಯಲ್ಲಿ ಒಂದು ಭಾಗವನ್ನು ಬೇಕೆಂದೇ ಖಾಲಿ ಬಿಡುವುದು ಹೊರನೋಟಕ್ಕೆ ದುಂದಾಗಿ ಕಾಣಬಹುದು. ಆದರೆ ಯಂತ್ರದ ಓಟ ನಿಂತಿದ್ದುದು ಆ ಬರಿದಾದ ಒಂದು ಪುಟದ ಮೇಲೆಯೇ.

೧೯೬೨ರ ಡಿಸೆಂಬರ್ ೭ರಂದು ವಿಜ್ಞಾನಿ ಜಾನ್ ಕಾಕ್‌ಕ್ರಾಫ್ಟ್ ಅವರು ಅಟ್ಲಾಸನ್ನು ಉದ್ಘಾಟಿಸಿದರು. ಆ ಕಾಲದ ಅತಿ ಬಲಿಷ್ಠ ಯಂತ್ರಗಳಲ್ಲಿ ಅದೊಂದು. ಆದರೆ ಅದರ ವಿಚಾರವನ್ನು ಜಗತ್ತು ಒಡನೆಯೇ ಒಪ್ಪಿಕೊಂಡಿತೆಂದು ಹೇಳಲಾಗದು. ೧೯೬೬ರಲ್ಲಿ ಅಮೆರಿಕದ ಲಾಸ್ಲೊ ಬೆಲಾಡಿ ಅವರು ಹಲವು ಕ್ರಮಗಳನ್ನು ತೂಗಿನೋಡಿ, ಎಲ್ಲಕ್ಕಿಂತ ಉತ್ತಮವಾದ ಆಯ್ಕೆ ಭವಿಷ್ಯವನ್ನು ಬಲ್ಲವನಿಗೆ ಮಾತ್ರ ಸಾಧ್ಯವೆಂದು ತೋರಿಸಿದರು. ಉಳಿದುದೆಲ್ಲ ನಡೆದುದನ್ನು ನೋಡಿ ನಡೆಯಲಿರುವುದನ್ನು ಊಹಿಸುವ ಯತ್ನ. ೧೯೬೮ರಲ್ಲಿ ಪೀಟರ್ ಡೆನ್ನಿಂಗ್ ಅವರು ಈ ವ್ಯವಸ್ಥೆಗೆ ತಗಲುವ ವ್ಯಾಧಿಯೊಂದನ್ನು ವಿವರಿಸಿದರು. ಚಿಕ್ಕ ಸ್ಮೃತಿಯೊಳಗೆ ಕಾರ್ಯಕ್ರಮಗಳು ಮಿತಿಮೀರಿ ಸೇರಿದರೆ, ಒಂದರ ಪುಟವನ್ನು ಇನ್ನೊಂದು ಹೊರಗೆ ನೂಕುತ್ತ, ತನ್ನದನ್ನು ಮರಳಿ ತರಿಸುತ್ತ, ಯಂತ್ರವೆಲ್ಲ ಓಡಾಟದಲ್ಲೇ ಸೋತುಹೋಗುತ್ತದೆ. ಕೆಲಸ ಮಾತ್ರ ಮುಂದೆ ಸಾಗುವುದಿಲ್ಲ. ಪ್ರತಿಯೊಂದು ಕೆಲಸಕ್ಕೂ ಆಯಾ ಹೊತ್ತಿಗೆ ಅಗತ್ಯವಾದ ಪುಟಗಳ ಗುಂಪೊಂದಿದೆ. ಅದಕ್ಕೆ ಎಡೆಯಿಲ್ಲದಿದ್ದರೆ ಆ ಕೆಲಸವನ್ನು ಆಗ ಆರಂಭಿಸಲೇಬಾರದು ಎಂಬುದು ಅವರು ಸೂಚಿಸಿದ ಪಥ್ಯ. ಇಂಥ ಶೋಧಗಳಿಂದ ಸಂದೇಹಗಳು ಕರಗಿದವು. ೧೯೭೨ರಲ್ಲಿ ಐಬಿಎಂ ಕಂಪನಿಯೂ ತನ್ನ ಮುಖ್ಯ ಯಂತ್ರಗಳಲ್ಲಿ ಈ ಕ್ರಮವನ್ನು ಅಳವಡಿಸುವುದಾಗಿ ಸಾರಿತು. ಅದರ ಹಿಂದಿನ ವರ್ಷವಷ್ಟೇ ಮ್ಯಾಂಚೆಸ್ಟರಿನ ಅಟ್ಲಾಸ್ ತನ್ನ ಸೇವೆಯನ್ನು ಮುಗಿಸಿತ್ತು.

ಇಂದು ಕಿಲ್‌ಬರ್ನ್ ಅವರ ಮೇಲ್ವಿಚಾರಕನ ಸ್ಥಾನದಲ್ಲಿರುವುದು ಕರ್ನೆಲ್, ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ೧೯೯೧ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಕರ್ನೆಲ್ ದೊಡ್ಡ ಗಣಕಗಳಲ್ಲಿಯೂ ಕೋಟ್ಯಂತರ ಜನರ ಕೈಯ ಮೊಬೈಲುಗಳಲ್ಲಿಯೂ ಕೆಲಸ ಮಾಡುತ್ತಿದೆ. ಬರಿದಾದ ಒಂದು ಪುಟದ ಬದಲು ಅದರಲ್ಲಿ ಮೂರು ಮಟ್ಟಗಳ ಗುರುತುಗಳಿವೆ; ನೀರಿನ ಮಟ್ಟದ ಹೆಸರೇ ಅವಕ್ಕೆ ಸಂದಿದೆ. ಬರಿದಾದ ಸ್ಮೃತಿ ನಡುವಣ ಗುರುತಿಗಿಂತ ಕೆಳಗಿಳಿದರೆ ಹಿನ್ನೆಲೆಯ ಸೇವಕನೊಬ್ಬ ಎಚ್ಚೆತ್ತು ಪುಟಗಳನ್ನು ತೆರವು ಮಾಡತೊಡಗುತ್ತಾನೆ. ಮೇಲಿನ ಗುರುತನ್ನು ಮುಟ್ಟಿದ ಮೇಲೆ ಮತ್ತೆ ಮಲಗುತ್ತಾನೆ. ಅತಿ ಕೆಳಗಿನ ಗುರುತಿಗೆ ಇಳಿದರೆ, ಸ್ಮೃತಿಯನ್ನು ಕೇಳಲು ಬಂದ ಕಾರ್ಯಕ್ರಮವೇ ತನ್ನ ಕೆಲಸವನ್ನು ನಿಲ್ಲಿಸಿ ತೆರವಿಗೆ ಕೈಹಚ್ಚಬೇಕು. ಆಲಮಟ್ಟಿಯ ಜಲಾಶಯವನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಅದರ ಪೂರ್ಣ ಮಟ್ಟ ೫೧೯.೬೦ ಮೀಟರ್. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದು ಕೃಷ್ಣೆಯ ಒಳಹರಿವು ಏರಿದಾಗ, ಅಂಚಿಗೆ ಬರುವ ತನಕ ಕಾಯದೆ ಬಾಗಿಲುಗಳನ್ನು ತೆರೆದು, ಬರುವ ನೀರಿಗೆ ಎಡೆ ಮಾಡಬೇಕಾಗುತ್ತದೆ. ಸ್ಮೃತಿಯ ವ್ಯವಸ್ಥೆಯಲ್ಲಿಯೂ ಮುಂಗಾಣ್ಕೆಯೇ ಅರ್ಧ ಕೆಲಸ.

ತೆರವು ಮಾಡುವುದರಲ್ಲಿಯೂ ತಾರತಮ್ಯವಿದೆ. ಕರ್ನೆಲ್ ಪುಟಗಳನ್ನು ಚುರುಕಾದುವು, ಸುಮ್ಮನಿರುವುವು ಎಂದು ಎರಡು ಪಂಕ್ತಿಗಳಲ್ಲಿ ಕೂರಿಸುತ್ತದೆ. ಸುಮ್ಮನಿರುವ ಪಂಕ್ತಿಯ ಕೊನೆಗೆ ಬಂದ ಪುಟವನ್ನು ಯಾರಾದರೂ ಇತ್ತೀಚೆಗೆ ಮುಟ್ಟಿದ್ದರೆ ಅದಕ್ಕೆ ಇನ್ನೊಂದು ಅವಕಾಶ ಸಿಗುತ್ತದೆ. ಕಡತದಿಂದ ಓದಿ ತಂದು, ಬದಲಾಯಿಸದೆ ಇಟ್ಟ ಪುಟವನ್ನು ನಿಶ್ಚಿಂತೆಯಿಂದ ಬಿಡಬಹುದು. ಅದರ ಮೂಲ ಭದ್ರವಾಗಿದೆ. ತಿದ್ದಿದ ಪುಟವನ್ನು ಮಾತ್ರ ಮೊದಲು ಬರೆದಿಡಬೇಕು. ಕಡತದ ಆಧಾರವೇ ಇಲ್ಲದ ಪುಟಗಳಿಗೆ ಹೊರಗೊಂದು ತಾವನ್ನು ಕಾದಿರಿಸಬೇಕು; ಮೊಬೈಲಿನಲ್ಲಾದರೆ ಅವನ್ನು ಅದುಮಿ ಸಣ್ಣದು ಮಾಡಿ ಅಲ್ಲಿಯೇ ಇಡುತ್ತಾರೆ. ಈ ಎರಡು ಬಗೆಗಳ ನಡುವೆ ಯಾರ ಮೇಲೆ ಎಷ್ಟು ಭಾರ ಹಾಕಬೇಕೆಂಬ ತೂಕವೇ ಕರ್ನೆಲ್ಲಿನ ಸಮತೋಲನ. ೨೦೧೪ರಿಂದ ಲಿನಕ್ಸ್ ತಾನು ಹೊರಗೆ ಕಳಿಸಿದ ಕಡತದ ಪುಟದ ನೆರಳಿನಂಥ ಗುರುತೊಂದನ್ನು ಉಳಿಸಿಕೊಳ್ಳುತ್ತದೆ. ಪುಟ ಬಹುಬೇಗ ಮರಳಿ ಬಂದರೆ, ಅದನ್ನು ಕಳಿಸಿದುದು ತಪ್ಪೆಂದು ತಿಳಿದು ತನ್ನ ತೂಕವನ್ನು ತಿದ್ದಿಕೊಳ್ಳುತ್ತದೆ. ಅರ್ಧ ಶತಮಾನದ ಹಿಂದೆ ಅಟ್ಲಾಸಿನ ಕಲಿಯುವ ಕಾರ್ಯಕ್ರಮ ಬರೆದಿಡುತ್ತಿದ್ದ ಎರಡು ಲೆಕ್ಕಗಳ ವಂಶದಲ್ಲಿಯೇ ಈ ನೆರಳು ಹುಟ್ಟಿದೆಯೆನ್ನಬೇಕು. ಎಲ್ಲ ಉಪಾಯಗಳೂ ಸೋತಾಗ ಮಾತ್ರ ಕರ್ನೆಲ್ ಒಂದು ಕಾರ್ಯಕ್ರಮವನ್ನು ಆರಿಸಿ ಕೊನೆಗಾಣಿಸುತ್ತದೆ. ಅದು ಸಮತೋಲನದ ಸೋಲು.

ಎಡೆ ಮಾಡಿಕೊಡುವುದೆಂದರೇನೆಂದು ಬಾಗಲಕೋಟೆಗೆ ಪುಸ್ತಕ ಕಲಿಸಬೇಕಾಗಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದುದು ೧೯೬೪ರಲ್ಲಿ. ಮುಂದೆ ಹಿನ್ನೀರು ಏರಿ ಹಳೆಯ ಊರಿನ ತಗ್ಗಿನ ಓಣಿಗಳು ಮುಳುಗಿದವು. ಜನ ನವನಗರಕ್ಕೆ ಬಂದು ನೆಲೆಸಿದರು. ದೂರದ ಹೊಲಗಳಿಗೆ ನೀರಾಗಲೆಂದು ಇಲ್ಲಿಯ ಮನೆಗಳು ಜಾಗ ಬಿಟ್ಟುವು. ಕಿಲ್‌ಬರ್ನ್ ಅವರ ಪುಟ ತನ್ನ ವಿಳಾಸವನ್ನು ಜೊತೆಗೇ ಒಯ್ಯುತ್ತದೆ, ಬೇಕಾದಾಗ ಮರಳುತ್ತದೆ. ಅದನ್ನು ಸಾಗಿಸಿದ ಕಷ್ಟವೆಲ್ಲ ಸಾಗಿಸಿದವರದು. ಮನುಷ್ಯರ ಸ್ಥಳಾಂತರದಲ್ಲಿ ಈ ಮೂರೂ ಇಲ್ಲ. ಯಂತ್ರಕ್ಕೆ ಹೇಳಿಕೊಟ್ಟಷ್ಟು ನ್ಯಾಯವನ್ನು ಮನುಷ್ಯರಿಗೆ ಒದಗಿಸುವುದು ಇನ್ನೂ ಕಠಿನವಾಗಿಯೇ ಉಳಿದಿದೆ. ಆದುದರಿಂದಲೇ, ಯಾರನ್ನು ಎಬ್ಬಿಸಬೇಕೆಂದು ತೀರ್ಮಾನಿಸುವ ಮೊದಲು ಅವರ ಬಾಳಿನ ಲೆಕ್ಕವನ್ನು ನೋಡಬೇಕು, ತಪ್ಪಾದರೆ ತಿದ್ದಿಕೊಳ್ಳಬೇಕು ಎಂಬ ಅಟ್ಲಾಸಿನ ಪಾಠ ಯಂತ್ರಶಾಲೆಯ ಹೊರಗೂ ಬೆಲೆಯುಳ್ಳದ್ದು.

ಅಟ್ಲಾಸಿನ ಬಳಿಕ ಕಿಲ್‌ಬರ್ನ್ ಅವರು ಸಂಸ್ಥೆಯನ್ನು ಕಟ್ಟುವ ಕೆಲಸಕ್ಕಿಳಿದರು. ೧೯೬೪ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವರು ಸ್ಥಾಪಿಸಿದ ಗಣಕವಿಜ್ಞಾನ ವಿಭಾಗ ಬ್ರಿಟನ್ನಿನಲ್ಲಿಯೇ ಮೊದಲನೆಯದು. ೧೯೬೫ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಎಂಯು೫ ಎಂಬ ಮುಂದಿನ ಯಂತ್ರವನ್ನೂ ಅವರ ನೇತೃತ್ವದಲ್ಲೇ ಕಟ್ಟಲಾಯಿತು. ಹೆಸರಿಗಾಗಿ ಹಂಬಲಿಸದ ಸ್ವಭಾವ ಅವರದು. ಕಡಮೆ ಮಾತು, ಗಟ್ಟಿಯಾದ ನಿರ್ಧಾರ. ಸಂಶೋಧನೆಯ ಹೊರಗೆ ಅವರ ಮನಸ್ಸನ್ನು ಸೆಳೆದುದು ಮನೆಯವರು, ಮತ್ತೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಕಾಲ್ಚೆಂಡಾಟ. ೧೯೮೧ರಲ್ಲಿ ನಿವೃತ್ತರಾದರು, ಅದೇ ವರ್ಷ ಪತ್ನಿ ಐರೀನ್ ತೀರಿಕೊಂಡರು.

೧೯೯೮ರ ಜೂನ್ ತಿಂಗಳಲ್ಲಿ 'ಬೇಬಿ'ಗೆ ಐವತ್ತು ತುಂಬಿದಾಗ, ಅದರ ಪ್ರತಿರೂಪವನ್ನು ಮ್ಯಾಂಚೆಸ್ಟರಿನಲ್ಲಿ ಮತ್ತೆ ಕಟ್ಟಿ ನಡೆಸಿದರು. ಗಾಜಿನ ಕೊಳವೆಯ ಮೇಲೆ ಚುಕ್ಕೆಗಳು ಹೊಳೆದು, ಅಳಿಯುವ ಮೊದಲೇ ಮತ್ತೆ ಬರೆಯಿಸಿಕೊಂಡು ನಿಂತುದನ್ನು ವೃದ್ಧರಾದ ಕಿಲ್‌ಬರ್ನ್ ಅವರು ಕಂಡರು. ೨೦೦೧ರ ಜನವರಿ ೧೭ರಂದು, ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ನಿಧನರಾದರು. ವಿಶ್ವವಿದ್ಯಾಲಯದ ಗಣಕವಿಭಾಗದ ಕಟ್ಟಡಕ್ಕೆ ಈಗ ಅವರ ಹೆಸರಿದೆ. ಅವರು ಕೈಯಾರೆ ಕಟ್ಟಿದ ಯಂತ್ರಗಳೆಲ್ಲ ಕಾಲಕ್ರಮದಲ್ಲಿ ಹೊಸವುಗಳಿಗೆ ಜಾಗ ಬಿಟ್ಟು ಸರಿದುವು. ವಿಚಾರ ಮಾತ್ರ ಸರಿಯಲಿಲ್ಲ. ಸಾವಿರಾರು ಪಟ್ಟು ದೊಡ್ಡದಾದ ಇಂದಿನ ಸ್ಮೃತಿಗಳೂ ತುಂಬಿಯೇ ತುಂಬುತ್ತವೆ. ಆಗೆಲ್ಲ ಯಂತ್ರದೊಳಗಿನ ಅದೇ ಮೇಲ್ವಿಚಾರಕ ಪುಟಗಳ ಲೆಕ್ಕವನ್ನು ನೋಡಿ, ಒಂದನ್ನು ಮೆಲ್ಲನೆ ಹೊರಗಿಟ್ಟು, ಬರಲಿರುವುದಕ್ಕಾಗಿ ಒಂದಿಷ್ಟು ಜಾಗವನ್ನು ಬರಿದಾಗಿ ಉಳಿಸುತ್ತಾನೆ.